ಐದು ತಂತಿ, ಒಡೆದ ಗಾಜು: ರೋಲಿಂಗ್ ಸ್ಟೋನ್ಸ್ ಹೊಸ ಆಲ್ಬಂ ಕೇಳುತ್ತ

ಧಾರವಾಡದಲ್ಲಿ ಸಂಗೀತ ಕೇಳುವ ಗೆಳೆಯರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ ಇದು. ಅಂದು ನಡುನಡುವೆ ಹಾಡುಗಳನ್ನು ಕೇಳಿಸಿದ್ದೆ. ಬರೆಯುವಾಗ ಆ ಜಾಗಗಳಲ್ಲಿ ಒಂದೆರಡು ಮಾತು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ಇದೇ ಕೋಣೆಯಲ್ಲಿ ನಾವು ಮಲ್ಲಿಕಾರ್ಜುನ ಮನಸೂರರ ಇಳಿವಯಸ್ಸಿನ ಒಂದು ಧ್ವನಿಮುದ್ರಣ ಕೇಳಿದೆವು. ದನಿಯಲ್ಲಿ ವಯಸ್ಸು ಇತ್ತು. ಆದರೆ ನಮ್ಮಲ್ಲಿ ಯಾರೂ "ಇಷ್ಟು ವಯಸ್ಸಾದ ಮೇಲೂ ಇವರು ಏಕೆ ಹಾಡುತ್ತಾರೆ" ಎಂದು ಕೇಳಲಿಲ್ಲ. ಹಾಗೆ ಕೇಳುವುದು ಈ ಊರಿನಲ್ಲಿ ಯಾರಿಗೂ ಹೊಳೆಯುವುದಿಲ್ಲ. ಮನಸೂರರು ದೇಶಕ್ಕೆಲ್ಲ ಪರಿಚಿತರಾದದ್ದೇ ಅರವತ್ತು ದಾಟಿದ ಮೇಲೆ. ಗಂಗೂಬಾಯಿ ಹಾನಗಲ್ಲರು ತೊಂಬತ್ತು ದಾಟಿದ ಮೇಲೂ ವೇದಿಕೆಯ ಮೇಲೆ ಕುಳಿತದ್ದನ್ನು ಕಂಡವರು ಇಲ್ಲಿದ್ದೀರಿ. ಅಂಥ ಕೇಳುಗರ ಮುಂದೆ ಇಂಗ್ಲೆಂಡಿನ ಒಂದು ರಾಕ್ ಬ್ಯಾಂಡಿನ ಬಗ್ಗೆ ಮಾತನಾಡಲು ಒಪ್ಪಿಕೊಂಡದ್ದಕ್ಕೆ ಕಾರಣವೂ ಇದೇ. ಆ ಬ್ಯಾಂಡಿನ ಹೊಸ ಆಲ್ಬಮ್ಮನ್ನು ಕೇಳಲು ಬೇಕಾದ ಕಿವಿ ರಾಕ್ ಅಭಿಮಾನಿಗಳಿಗಿಂತ ಹೆಚ್ಚಾಗಿ ನಿಮ್ಮಲ್ಲಿದೆ ಎಂದು ನಾನು ನಂಬಿದ್ದೇನೆ.

ರೋಲಿಂಗ್ ಸ್ಟೋನ್ಸ್ ತಂಡ ಮೊದಲ ಬಾರಿಗೆ ಆ ಹೆಸರಿನಲ್ಲಿ ನುಡಿಸಿದ್ದು 1962ರ ಜುಲೈ 12ರಂದು, ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ. ನಾನು ಇಂದು ಮಾತನಾಡಲಿರುವ ಆಲ್ಬಂ, 'ಹ್ಯಾಕ್ನಿ ಡೈಮಂಡ್ಸ್', ಹೊರಬಂದದ್ದು 2023ರ ಅಕ್ಟೋಬರ್ 20ರಂದು. ಆ ಹೊತ್ತಿಗೆ ಹಾಡುಗಾರ ಮಿಕ್ ಜ್ಯಾಗರ್ ಅವರಿಗೆ 80 ವರ್ಷ. ಗಿಟಾರ್ ನುಡಿಸುವ ಕೀತ್ ರಿಚರ್ಡ್ಸ್ ಅವರಿಗೆ 80 ತುಂಬಲು ಎರಡು ತಿಂಗಳು ಬಾಕಿ. ಇನ್ನೊಬ್ಬ ಗಿಟಾರ್ ವಾದಕ ರಾನ್ ವುಡ್ ಅವರಿಗೆ 76. ತಾವೇ ಕಟ್ಟಿದ ಹೊಸ ಹಾಡುಗಳ ಆಲ್ಬಮ್ಮನ್ನು ಅವರು ಅದಕ್ಕೂ ಮುನ್ನ ಹೊರತಂದದ್ದು 2005ರಲ್ಲಿ. ನಡುವೆ 2016ರಲ್ಲಿ, ಅಮೆರಿಕದ ಕಪ್ಪು ಜನರ ಬ್ಲೂಸ್ ಎಂಬ ಸಂಗೀತದ ಹಳೆಯ ಹಾಡುಗಳನ್ನಷ್ಟೇ ಹಾಡಿದ ಒಂದು ಆಲ್ಬಂ ಬಂದಿತ್ತು. ಅಂದರೆ ಸ್ವಂತ ಹಾಡುಗಳಿಗೆ ಹದಿನೆಂಟು ವರ್ಷಗಳ ಬಿಡುವು. ಆ ಹದಿನೆಂಟು ವರ್ಷಗಳಲ್ಲಿ ಅವರು ಪ್ರವಾಸ ನಿಲ್ಲಿಸಲಿಲ್ಲ, ದೊಡ್ಡ ದೊಡ್ಡ ಕ್ರೀಡಾಂಗಣಗಳಲ್ಲಿ ಹಳೆಯ ಹಾಡುಗಳನ್ನು ಹಾಡುತ್ತಲೇ ಇದ್ದರು. ಜನರಿಗೂ ಅವೇ ಬೇಕಾಗಿದ್ದವು.

ಹೆಸರಿನ ಬಗ್ಗೆ ಒಂದು ಮಾತು. ಹ್ಯಾಕ್ನಿ ಎನ್ನುವುದು ಪೂರ್ವ ಲಂಡನ್ನಿನ ಒಂದು ಬಡಾವಣೆ. ರಾತ್ರಿ ಕಳ್ಳರು ಕಾರಿನ ಕಿಟಕಿ ಒಡೆದು ಹೋದ ಮೇಲೆ ರಸ್ತೆಯಲ್ಲಿ ಬೆಳಿಗ್ಗೆ ಮಿನುಗುವ ಗಾಜಿನ ಚೂರುಗಳಿಗೆ ಅಲ್ಲಿನ ಆಡುಮಾತಿನಲ್ಲಿ 'ಹ್ಯಾಕ್ನಿಯ ವಜ್ರಗಳು' ಎನ್ನುತ್ತಾರೆ. ನನಗೆ ಈ ಹೆಸರು ಬಹಳ ಹಿಡಿಸಿತು. ಹೊಳಪು ಇರುವುದು ಒಡೆದದ್ದರಿಂದ. ಆಲ್ಬಂ ಕೇಳುವಾಗ ಈ ಗಾಜಿನ ಚೂರು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ.

ಆಲ್ಬಂ ಬಂದ ವಾರ ನನ್ನ ಗೆಳೆಯರು ಎರಡು ಪಂಗಡವಾದರು. "ಎಪ್ಪತ್ತರ ದಶಕದ ಆಲ್ಬಮ್ಮುಗಳ ಹತ್ತಿರವೂ ಬರುವುದಿಲ್ಲ" ಎನ್ನುವವರು ಕೆಲವರು. "ಎಂಬತ್ತರಲ್ಲೂ ಎಂಥ ದನಿ ನೋಡಿ, ಇಪ್ಪತ್ತರವರಂತೆ ಹಾಡುತ್ತಾರೆ" ಎಂದು ಬೆರಗಾಗುವವರು ಇನ್ನು ಕೆಲವರು. ಎರಡೂ ಮಾತಿನಲ್ಲಿ ನನಗೆ ಕಂಡದ್ದು ಒಂದೇ ಬಗೆಯ ಕಿವುಡು. ಒಬ್ಬರು ಹಳೆಯ ಸ್ಟೋನ್ಸನ್ನು ಹುಡುಕಿ ನಿರಾಶರಾದರು, ಇನ್ನೊಬ್ಬರು ಹಳೆಯ ಸ್ಟೋನ್ಸ್ ಸಿಕ್ಕರೆಂದು ಸಂತೋಷಪಟ್ಟರು. ಎದುರಿಗೆ ಇದ್ದ ಎಂಬತ್ತು ವರ್ಷದ ಮನುಷ್ಯರನ್ನು ಕೇಳಿದವರು ಕಡಿಮೆ. ಬ್ಯಾಂಡಿನವರೂ ಇದಕ್ಕೆ ಕೊಂಚ ಕಾರಣರು ಎನ್ನಬೇಕು. ಮೊದಲ ಹಾಡು 'ಆ್ಯಂಗ್ರಿ'ಗೆ ಮಾಡಿದ ವಿಡಿಯೊದಲ್ಲಿ ತೆರೆದ ಕಾರೊಂದು ಲಾಸ್ ಏಂಜಲಿಸ್‌ನ ಬೀದಿಯಲ್ಲಿ ಹೋಗುತ್ತದೆ. ಇಕ್ಕೆಲಗಳ ಜಾಹೀರಾತು ಫಲಕಗಳಲ್ಲಿ ಬೇರೆ ಬೇರೆ ಕಾಲದ ಯುವ ಸ್ಟೋನ್ಸ್ ತುಟಿಯಾಡಿಸುತ್ತ ಹೊಸ ಹಾಡು ಹಾಡುತ್ತಾರೆ. ಹಾಡಿದ ಮುಖಗಳು ಎಲ್ಲಿ ಹೋದವು? ಆ ಸುಕ್ಕುಗಳನ್ನು ತೋರಿಸಲು ಏಕೆ ಹಿಂಜರಿಯಬೇಕಿತ್ತು? ನನಗೆ ಬೇಸರವಾದದ್ದು ನಿಜ.

ಆಲ್ಬಮ್ಮಿನ ಒಟ್ಟು ನಾದದಲ್ಲೂ ಆ ಹಿಂಜರಿಕೆ ಸ್ವಲ್ಪ ಇದೆ. ಅದನ್ನು ರೂಪಿಸಿದ ನಿರ್ಮಾಪಕ ಆ್ಯಂಡ್ರೂ ವಾಟ್ 1990ರಲ್ಲಿ ಹುಟ್ಟಿದವರು. ಅವರ ಹುರುಪಿಲ್ಲದಿದ್ದರೆ ಈ ಆಲ್ಬಂ ಮುಗಿಯುತ್ತಲೇ ಇರಲಿಲ್ಲವೇನೋ. ವರ್ಷಗಟ್ಟಲೆ ಎಳೆದಾಡುತ್ತಿದ್ದ ಕೆಲಸಕ್ಕೆ ಜ್ಯಾಗರ್ ಅವರೇ 2023ರ ಫೆಬ್ರವರಿ 14 ಎಂದು ಗಡುವು ಹಾಕಿಕೊಂಡರಂತೆ. ಗಡುವು ಹಾಕಿ ಮಾಡಿದ ಕೆಲಸದ ಚುರುಕು ಇದರಲ್ಲಿದೆ. ಆದರೆ ಎಲ್ಲ ವಾದ್ಯಗಳನ್ನೂ ಒಂದೇ ಎತ್ತರಕ್ಕೆ ತಂದು ಕಿವಿಗೆ ಒತ್ತಿ ಹಿಡಿಯುವ ಇಂದಿನ ಧ್ವನಿಮುದ್ರಣದ ಚಾಳಿಯೂ ಇದೆ. ಮೊಬೈಲಿನಲ್ಲಿ, ಬಸ್ಸಿನ ಗದ್ದಲದಲ್ಲಿ ಕೇಳಿದರೆ ಚೆನ್ನಾಗಿರುತ್ತದೆ. ಮನೆಯಲ್ಲಿ ಸ್ಪೀಕರಿನ ಮುಂದೆ ಕುಳಿತರೆ ವಾದ್ಯಗಳ ನಡುವೆ ಗಾಳಿಯಾಡುವುದಿಲ್ಲ. ಹಳೆಯ ಸ್ಟೋನ್ಸ್ ಧ್ವನಿಮುದ್ರಣಗಳ ಜೀವವೇ ಆ ಗಾಳಿ. ಯಾರು ಮುಂದೆ, ಯಾರು ಹಿಂದೆ ಎಂದು ತಿಳಿಯದ, ಒಬ್ಬರ ಭುಜಕ್ಕೆ ಒಬ್ಬರು ತಗಲುತ್ತ ನಡೆಯುವ ಗುಂಪಿನ ಸದ್ದು ಅದು.

ನನ್ನ ಮೊದಲ ಕೇಳುವಿಕೆ ಬಸ್ಸಿನಲ್ಲೇ ಆಯಿತು. ಮೂರು ಹಾಡು ಮುಗಿಯುವಷ್ಟರಲ್ಲಿ ಏನೋ ಕಳೆದುಕೊಂಡಂತೆ ಅನಿಸತೊಡಗಿತು. ಹಾಡುಗಳು ಕೆಟ್ಟವಲ್ಲ. ದನಿ ಗಟ್ಟಿಯಾಗಿದೆ, ಗಿಟಾರ್ ಚುರುಕಾಗಿದೆ. ಆದರೂ ಮನೆಗೆ ಹೋದಾಗ ಬಾಗಿಲ ಬಳಿ ಯಾವಾಗಲೂ ಇರುತ್ತಿದ್ದ ಒಂದು ಜೊತೆ ಚಪ್ಪಲಿ ಇಲ್ಲದಂತೆ. ಏನು ಇಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಕಿವಿ ಅದನ್ನು ತಾನಾಗಿ ಕಂಡುಕೊಂಡ ಕ್ಷಣ ಬೇರೆಯೇ.

ಡ್ರಮ್ಸ್ ನುಡಿಸುತ್ತಿದ್ದ ಚಾರ್ಲಿ ವಾಟ್ಸ್ 2021ರ ಆಗಸ್ಟ್ 24ರಂದು ತೀರಿಕೊಂಡರು. 1963ರ ಜನವರಿಯಿಂದ ಅವರು ಆ ತಂಡದಲ್ಲಿದ್ದರು. ಐವತ್ತೆಂಟು ವರ್ಷ. ಅವರು ತೀರಿಕೊಂಡ ಮೇಲೆ ಸ್ಟೋನ್ಸ್ ಹೊರತಂದ ಮೊದಲ ಸ್ಟುಡಿಯೊ ಆಲ್ಬಂ ಇದು.

ಅವರನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದರು. ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ನಾವು ಮೂವರು ಹೊರಟಿದ್ದೆವು. ಆ ಸಂಜೆ ಮಳೆ ಸುರಿಯಿತು. ಬೇಸಿಗೆಯ ಅಡ್ಡ ಮಳೆ. ಮೈದಾನವೆಲ್ಲ ಕೆಸರು. ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೆವು. ದೂರದಲ್ಲಿ ವೇದಿಕೆಯ ಮೇಲೆ ಜ್ಯಾಗರ್ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತಿದ್ದರು. ಎಲ್ಲರ ಕಣ್ಣು ಅವರ ಮೇಲೆ. ನನ್ನ ಜೊತೆ ಬಂದಿದ್ದ ಗೆಳೆಯ ತಬಲಾ ಕಲಿತವನು. ಅವನು ನನ್ನ ಮೊಣಕೈ ಹಿಡಿದು, "ಹಿಂದೆ ಕುಳಿತ ಆ ಮುದುಕರ ಬಲಗೈ ನೋಡು, ಆಗಾಗ ನಿಲ್ಲುತ್ತದೆ" ಎಂದ. ಆ ವಯಸ್ಸಿನಲ್ಲಿ ಅದು ನನಗೆ ಅರ್ಥವಾಗಲಿಲ್ಲ. ಅರ್ಥವಾಗಲು ಹತ್ತು ವರ್ಷ ಬೇಕಾಯಿತು.

ಅದನ್ನು ನಿಮಗೆ ತೋರಿಸಲು ಪ್ರಯತ್ನಿಸುತ್ತೇನೆ. ಮುಂದಿನ ಸಾಲಿನಲ್ಲಿ ತಬಲಾ ಮಾಸ್ತರರು ಕುಳಿತಿದ್ದಾರೆ, ತಪ್ಪಿದರೆ ತಿದ್ದಲಿ. ನಮ್ಮಲ್ಲಿ ತಾಳದ ಭಾರ ಸಮ್ಮಿನ ಮೇಲೆ, ಒಂದನೆಯ ಮಾತ್ರೆಯ ಮೇಲೆ ಬೀಳುತ್ತದೆ. ರಾಕ್ ಸಂಗೀತದಲ್ಲಿ ನಾಲ್ಕು ಎಣಿಕೆಯ ಆವರ್ತನ. ಆದರೆ ಪೆಟ್ಟು ಬೀಳುವುದು ಎರಡು ಮತ್ತು ನಾಲ್ಕರ ಮೇಲೆ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತ ಎರಡಕ್ಕೆ, ನಾಲ್ಕಕ್ಕೆ ಚಪ್ಪಾಳೆ ಹಾಕಿ ನೋಡಿ. ಹಾಗೆಯೇ. ಸಮ್ಮಿಗೆ ಕೈ ತಾನಾಗಿ ಹೋಗುತ್ತದೆ, ತಡೆಯಬೇಕು. ಆ ಎರಡು ಪೆಟ್ಟುಗಳನ್ನು ಡ್ರಮ್ಮರ್ ಎಡಗೈಯಿಂದ ಸ್ನೇರ್ ಎಂಬ ಡೋಲಿನ ಮೇಲೆ ಹೊಡೆಯುತ್ತಾನೆ. ಬಲಗೈ ಅದೇ ಹೊತ್ತಿಗೆ ಹೈ-ಹ್ಯಾಟ್ ಎಂಬ, ಕಾಲಿನಿಂದ ತೆರೆದು ಮುಚ್ಚುವ ಜೋಡಿ ಕಂಚಿನ ತಾಳದ ಮೇಲೆ ಬಿಡುವಿಲ್ಲದೆ ಟಿಕ್ ಟಿಕ್ ಎನ್ನುತ್ತಿರುತ್ತದೆ. ಬಹುತೇಕ ಎಲ್ಲ ಡ್ರಮ್ಮರುಗಳೂ ಹೀಗೆ ನುಡಿಸುತ್ತಾರೆ. ಚಾರ್ಲಿ ಮಾತ್ರ ಎಡಗೈ ಸ್ನೇರಿಗೆ ಬೀಳುವ ಆ ಎರಡು ಜಾಗಗಳಲ್ಲಿ ಬಲಗೈಯನ್ನು ಹೈ-ಹ್ಯಾಟಿನಿಂದ ಎತ್ತಿಬಿಡುತ್ತಿದ್ದರು. ಗೆಳೆಯ ತೋರಿಸಿದ್ದು ಅದನ್ನೇ.

ಒಂದು ಸದ್ದು ಸುಮ್ಮನಾದಾಗ ಇನ್ನೊಂದು ಸದ್ದು ಬರಿಮೈಯಲ್ಲಿ ಕೇಳಿಸುತ್ತದೆ. ಹದಿನಾರು ಮಾತ್ರೆಯ ತೀನ್‌ತಾಲದಲ್ಲಿ ಒಂಬತ್ತನೆಯ ಮಾತ್ರೆಗೆ ಖಾಲಿ ಬರುತ್ತದಲ್ಲ, ಎಡಗೈಯ ಗುಂ ಎನ್ನುವ ನಾದ ಹಿಂದೆ ಸರಿದು ತಬಲೆಯ ನಡೆ, ಠೇಕಾ, ಹಗುರಾಗುತ್ತದಲ್ಲ, ಅದಕ್ಕೆ ಇದನ್ನು ಹೋಲಿಸಬೇಕು ಅನಿಸುತ್ತದೆ. ಆದರೆ ಪೂರ್ತಿ ಹೊಂದುವುದಿಲ್ಲ. ಖಾಲಿಯಲ್ಲಿ ಭಾರ ಇಳಿಯುತ್ತದೆ. ಚಾರ್ಲಿ ಒಂದು ಕೈಯನ್ನು ಖಾಲಿ ಬಿಟ್ಟು ಇನ್ನೊಂದು ಕೈಗೆ ಭಾರ ಕೊಡುತ್ತಿದ್ದರು. ಅವರು ಮನಸ್ಸಿನಲ್ಲಿ ಜಾಝ್ ವಾದಕರು, ಕೊನೆಯವರೆಗೂ ಜಾಝನ್ನೇ ಹೆಚ್ಚು ಪ್ರೀತಿಸಿದವರು. ಜೊತೆಗೆ ಇನ್ನೊಂದು ವಿಚಿತ್ರ. ಹೆಚ್ಚಿನ ಬ್ಯಾಂಡುಗಳಲ್ಲಿ ಎಲ್ಲರೂ ಡ್ರಮ್ಸನ್ನು ಹಿಂಬಾಲಿಸುತ್ತಾರೆ. ಸ್ಟೋನ್ಸ್ ತಂಡದಲ್ಲಿ ಡ್ರಮ್ಸ್ ಕೀತ್ ರಿಚರ್ಡ್ಸರ ಗಿಟಾರನ್ನು ಹಿಂಬಾಲಿಸುತ್ತಿತ್ತು. ಕೂದಲೆಳೆಯಷ್ಟು ತಡ. ಆ ತಡದಿಂದಲೇ ಹಾಡು ಬೀಳುತ್ತೇನೋ ಎನ್ನುವಂತೆ ವಾಲಿ, ಬೀಳದೆ ಮುಂದೆ ಸಾಗುತ್ತಿತ್ತು. ಸಾಥ್ ಮಾಡುವ ತಬಲಜಿ ಗಾಯಕನ ಉಸಿರನ್ನು ನೋಡಿಕೊಂಡು ನುಡಿಸುವುದು ನಿಮಗೆ ಗೊತ್ತು. ಚಾರ್ಲಿ ಅಂಥ ಸಾಥಿ.

ಅವರ ಬಗ್ಗೆ ನನಗೆ ಪ್ರಿಯವಾದ ಇನ್ನೊಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಅವರು ಚಿತ್ರ ಬರೆಯುತ್ತಿದ್ದರು. ಪ್ರವಾಸದಲ್ಲಿ ತಾವು ಮಲಗಿದ ಪ್ರತಿಯೊಂದು ಹೋಟೆಲಿನ ಹಾಸಿಗೆಯ ಚಿತ್ರವನ್ನೂ ಬರೆದಿಡುವುದು ಅವರ ದಶಕಗಳ ರೂಢಿ. ಹಾಗಿದ್ದರೆ ಬೆಂಗಳೂರಿನ ಹಾಸಿಗೆಯೊಂದೂ ಆ ಪುಸ್ತಕಗಳಲ್ಲಿ ಎಲ್ಲೋ ಇರಬೇಕು. ನಾವು ಕೆಸರು ತೊಳೆದುಕೊಂಡು ವಾಪಸು ಬಸ್ಸು ಹತ್ತಿದ ರಾತ್ರಿ ಅವರು ಪೆನ್ಸಿಲ್ ಹಿಡಿದು ಕುಳಿತಿದ್ದರು ಎಂದು ಊಹಿಸಿಕೊಂಡರೆ ನನಗೆ ಈಗಲೂ ಮನಸ್ಸು ತುಂಬುತ್ತದೆ.

ಹೊಸ ಆಲ್ಬಮ್ಮಿನಲ್ಲಿ ಡ್ರಮ್ಸ್ ನುಡಿಸಿದವರು ಸ್ಟೀವ್ ಜೋರ್ಡನ್. ಅಮೆರಿಕದವರು, ಕೀತ್ ಅವರ ಸ್ವಂತ ತಂಡದಲ್ಲಿ ಎಂಬತ್ತರ ದಶಕದಿಂದ ನುಡಿಸಿದವರು. ನಾನಿಲ್ಲದಾಗ ಈತನೇ ಸರಿ ಎಂದು ಚಾರ್ಲಿಯವರೇ ಸೂಚಿಸಿದ್ದರು. ಜೋರ್ಡನ್ ಅದ್ಭುತ ವಾದಕರು. ಪೆಟ್ಟು ನೇರ, ಖಚಿತ, ಬೆನ್ನುಮೂಳೆಯಂತೆ. ನಾನು ಮೊದಲ ಮೂರು ಹಾಡುಗಳಲ್ಲಿ ಕಳೆದುಕೊಂಡದ್ದು ಆ ವಾಲಾಟವನ್ನು. ಇದಕ್ಕೆ ಜೋರ್ಡನ್ ಅವರನ್ನು ದೂರುವುದು ಅನ್ಯಾಯ. ಚಾರ್ಲಿಯ ಅನುಕರಣೆ ಮಾಡದೆ ತಮ್ಮ ಕೈಯಿಂದಲೇ ನುಡಿಸಿದ ಅವರ ಪ್ರಾಮಾಣಿಕತೆ ನನಗೆ ಎರಡನೆಯ ವಾರದಲ್ಲಿ ಹಿಡಿಸತೊಡಗಿತು. ತೀರಿಕೊಂಡವರ ನಡಿಗೆಯನ್ನು ನಡೆದು ತೋರಿಸುವುದು ಗೌರವವಲ್ಲ.

ಈಗ ಏಳನೆಯ ಹಾಡು ಕೇಳೋಣ. ಹನ್ನೆರಡು ಹಾಡುಗಳಲ್ಲಿ ಏಳನೆಯದು ಮತ್ತು ಎಂಟನೆಯದು ಚಾರ್ಲಿ ನುಡಿಸಿದ್ದು. 2019ರಲ್ಲಿ ಮುದ್ರಿಸಿಟ್ಟಿದ್ದ ಅವರ ಡ್ರಮ್ಸ್ ಇಟ್ಟುಕೊಂಡು ಆ ಎರಡನ್ನು ಪೂರ್ಣಗೊಳಿಸಿದ್ದಾರೆ. ಆರು ಹಾಡು ಒಂದು ಬಗೆಯ ನಡೆಗೆ ಕಿವಿ ಒಗ್ಗಿರುತ್ತದೆ. ಆಮೇಲೆ ಯಾವ ಸೂಚನೆಯೂ ಇಲ್ಲದೆ ಹಳೆಯ ಮನುಷ್ಯ ಒಳಗೆ ಬಂದು ಕುಳಿತುಬಿಡುತ್ತಾರೆ.

[ಇಲ್ಲಿ 'ಮೆಸ್ ಇಟ್ ಅಪ್' ಹಾಡಿನ ಮೊದಲ ಎರಡು ನಿಮಿಷ ಕೇಳಿಸಿದೆ.]

ಹಾಡಿನ ವಸ್ತು ಇಂದಿನದು. ಬಿಟ್ಟುಹೋದ ಪ್ರೇಯಸಿ ಹಾಡುವವನ ಫೋಟೊಗಳನ್ನು ಎಲ್ಲರಿಗೂ ಹಂಚಿದ್ದಾಳೆ ಎಂಬ ತಕರಾರು. ಪಲ್ಲವಿ ಡಿಸ್ಕೊ ನೃತ್ಯದ ನಡೆಗೆ ಜಾರುತ್ತದೆ. ಎಪ್ಪತ್ತೆಂಟರ ವಯಸ್ಸಿನ ಆಸುಪಾಸಿನಲ್ಲಿ ಚಾರ್ಲಿ ಡಿಸ್ಕೊ ನುಡಿಸುತ್ತಿದ್ದಾರೆ! ಎಷ್ಟು ಹಗುರಾಗಿ, ಮಣಿಕಟ್ಟು ಮಾತ್ರ ಆಡುತ್ತಿರುವಂತೆ. ಇದನ್ನು ಮೊದಲ ಸಲ ಕೇಳಿದಾಗ ನಾನು ಬಸ್ಸಿನಲ್ಲಿ ಮುಖ ತಿರುಗಿಸಿ ಕಿಟಕಿಯ ಕಡೆ ನೋಡುತ್ತ ಕುಳಿತೆ.

ಎಂಟನೆಯ ಹಾಡಿನಲ್ಲಿ ಇನ್ನೊಬ್ಬ ಹಳಬರು ಬರುತ್ತಾರೆ. ಬೇಸ್ ಗಿಟಾರ್ ನುಡಿಸುತ್ತಿದ್ದ ಬಿಲ್ ವೈಮನ್ ತೊಂಬತ್ತರ ದಶಕದ ಆರಂಭದಲ್ಲಿ ತಂಡ ಬಿಟ್ಟಿದ್ದರು. 86ರ ವಯಸ್ಸಿನಲ್ಲಿ ಈ ಒಂದು ಹಾಡಿಗಾಗಿ ಬಂದು, ತೀರಿಕೊಂಡ ಗೆಳೆಯನ ಡ್ರಮ್ಸ್ ಜೊತೆ ನುಡಿಸಿದ್ದಾರೆ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿ ಬೇರೆಯಾದವರು ಸಾವಿನ ಮನೆಗೆ ಬಂದು ಮೂಲೆಯಲ್ಲಿ ಕೂರುವಂತೆ, ಅವರ ಬೇಸ್ ಎಲ್ಲೂ ಮುಂದೆ ಬರುವುದಿಲ್ಲ. ಅಲ್ಲಿದೆ, ಅಷ್ಟೇ. ಪಿಯಾನೊ ನುಡಿಸಿದವರು ಎಲ್ಟನ್ ಜಾನ್. ಅವರದ್ದೇ ಜೋರು.

ಇನ್ನು ಗಿಟಾರಿನ ವಿಷಯ. ನಿಮ್ಮಲ್ಲಿ ತಂಬೂರಿ ಶ್ರುತಿ ಮಾಡುವವರು ಸ್ವಲ್ಪ ಮುಂದೆ ಸರಿದು ಕುಳಿತುಕೊಳ್ಳಿ, ಇದು ನಿಮಗಾಗಿ. ಮೈಸೂರಿನ ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿ ಸಾಲದೆಂದು ಏಳು ಮಾಡಿದರು. ಮೈಕ್ ಇಲ್ಲದ ದೊಡ್ಡ ಸಭೆಯಲ್ಲಿ ಕೊನೆಯ ಸಾಲಿನವರಿಗೂ ಕೇಳಿಸಬೇಕಿತ್ತು. ಕೀತ್ ರಿಚರ್ಡ್ಸ್ ಮಾಡಿದ್ದು ತಿರುಗುಮುರುಗು. ಆರು ತಂತಿಯ ಗಿಟಾರಿನಿಂದ ದಪ್ಪನೆಯ ಆರನೆಯ ತಂತಿಯನ್ನು ಕಿತ್ತುಹಾಕಿದರು. ಉಳಿದ ಐದನ್ನು ಹೇಗೆ ಶ್ರುತಿ ಮಾಡುತ್ತಾರೆ ಎಂದರೆ, ಜಿ ಎನ್ನುವ ಅವರ ಸ್ವರವನ್ನು ಷಡ್ಜ ಎಂದು ಹಿಡಿದರೆ, ಕೆಳಗಿನಿಂದ ಮೇಲಕ್ಕೆ: ಸ, ಪ, ಸ, ಗ, ಪ. ಗಾಂಧಾರ ಶುದ್ಧ. ಎಡಗೈ ಮುಟ್ಟದೆ ಬರಿದೇ ಮೀಟಿದರೂ ಇಡೀ ಗಿಟಾರ್ ಒಂದು ಮೇಳವಾಗಿ, ಒಂದಕ್ಕೊಂದು ಹೊಂದುವ ಸ್ವರಗಳ ಗುಂಪಾಗಿ ಮೊಳಗುತ್ತದೆ.

ಚೆನ್ನಾಗಿ ಜವಾರಿ ಕೂತು ಝೇಂಕರಿಸುವ ತಂಬೂರಿಯ ಖರ್ಜದ, ಅಂದರೆ ಕೆಳ ಷಡ್ಜದ ತಂತಿಯಿಂದ ಯಾರೂ ಮೀಟದ ಗಾಂಧಾರ ತಾನಾಗಿ ಹುಟ್ಟುವುದನ್ನು ನೀವು ಕೇಳಿದ್ದೀರಿ. ಕಿರಾನಾ ಘರಾನೆಯ ಗಾಯಕರು ಅದನ್ನು ಹುಡುಕುತ್ತ ಎಷ್ಟು ಹೊತ್ತು ಶ್ರುತಿ ಮಾಡುತ್ತಾರೆ! ಆ ಸ್ವಯಂಭೂ ಗಾಂಧಾರವನ್ನು ಕೀತ್ ಒಂದು ತಂತಿಗೇ ಕಟ್ಟಿಟ್ಟಿದ್ದಾರೆ ಎಂದು ನನಗೆ ಹೊಳೆದ ದಿನ ನಾನು ಈ ಸಂಗೀತವನ್ನು ಬೇರೆ ಬಗೆಯಲ್ಲಿ ಕೇಳತೊಡಗಿದೆ. ಅವರ ಗಿಟಾರಿನಲ್ಲಿ ತಂಬೂರಿ ಇದೆ. ಬೆರಳುಗಳು ಮೇಲೆ ಒಂದೆರಡು ಜಾಗ ಮಾತ್ರ ಮುಟ್ಟಿ ಬಿಡುತ್ತವೆ. ಉಳಿದದ್ದನ್ನು ಬರಿ ತಂತಿಗಳೇ ಹೇಳುತ್ತವೆ. ಈ ಕ್ರಮ ಅವರೇ ಕಂಡುಹಿಡಿದದ್ದಲ್ಲ. ಅಮೆರಿಕದ ದಕ್ಷಿಣ ಭಾಗದ ಕಪ್ಪು ಜನರ ಬ್ಲೂಸ್ ವಾದಕರಲ್ಲಿ ಅದು ಮೊದಲೇ ಇತ್ತು. ಐದೇ ತಂತಿಯಿಂದ ಒಂದು ದೊಡ್ಡ ಬ್ಯಾಂಡನ್ನು ಎಳೆದುಕೊಂಡು ಹೋಗಬಹುದು ಎಂದು ತೋರಿಸಿದ್ದು ಕೀತ್ ಅವರ ಸಾಧನೆ.

ಈಗ ಆ ಕೈಗೆ ಸಂಧಿವಾತ. ಆಲ್ಬಂ ಬಂದ ಸಮಯದಲ್ಲಿ ಕೀತ್ ಅವರೇ ಅದನ್ನು ಹೇಳಿಕೊಂಡರು. ನೋವಿಲ್ಲ, ಆದರೆ ನುಡಿಸುವ ಬಗೆ ಬದಲಾಗಿದೆ, ಗಿಟಾರ್ ಬೇರೆ ದಾರಿ ತೋರಿಸುತ್ತದೆ ಎಂಬರ್ಥದ ಮಾತು ಆಡಿದರು. ಹತ್ತನೆಯ ಹಾಡು 'ಟೆಲ್ ಮಿ ಸ್ಟ್ರೇಟ್' ಅವರೇ ಹಾಡಿದ್ದು. ದನಿ ಒರಟು, ಅಂಚು ಸವೆದಿದೆ. ನನ್ನ ನಾಳೆಯೆಲ್ಲ ಆಗಲೇ ನಿನ್ನೆಯಾಗಿಬಿಟ್ಟಿದೆಯೇ, ಸುತ್ತುಬಳಸದೆ ಹೇಳಿಬಿಡು ಎನ್ನುವ ಹಾಡು. ಹೆಣ್ಣಿಗೆ ಕೇಳಿದಂತಿದೆ, ಕಾಲಕ್ಕೆ ಕೇಳಿದಂತೆಯೂ ಇದೆ. ಇಡೀ ಆಲ್ಬಮ್ಮಿನಲ್ಲಿ ನಿರ್ಮಾಪಕರು ಹೊಳಪು ಕೊಡಲು ಹೋಗದೆ ಬಿಟ್ಟ ಕೆಲವೇ ಜಾಗಗಳಲ್ಲಿ ಇದೊಂದು. ಅದಕ್ಕಾಗಿ ಅವರಿಗೆ ಕೈಮುಗಿಯಬೇಕು.

ನನಗೆ ಹಿಡಿಸದವೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. 'ಹೋಲ್ ವೈಡ್ ವರ್ಲ್ಡ್' ಎಂಬ ಹಾಡಿನಲ್ಲಿ ಜ್ಯಾಗರ್ ತಮ್ಮ ಬಡ ಯೌವನದ ಲಂಡನ್ನನ್ನು, ಕೊಳಕು ಬಾಡಿಗೆ ಮನೆಯನ್ನು ನೆನೆಯುತ್ತಾರೆ. ಮಾತು ಚೆನ್ನಾಗಿದೆ. ಪಲ್ಲವಿ ಮಾತ್ರ ಕ್ರೀಡಾಂಗಣದ ಕೂಗಿಗೆ ಹೊಲಿಸಿದ ಅಂಗಿಯಂತಿದೆ, ಆ ಮಾತಿನ ಮೈಗೆ ದೊಡ್ಡದು. 'ಬೈಟ್ ಮೈ ಹೆಡ್ ಆಫ್' ಹಾಡಿನಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಬೇಸ್ ನುಡಿಸಿದ್ದಾರೆ. 1963ರಲ್ಲಿ ಸ್ಟೋನ್ಸ್ ಇನ್ನೂ ಹೊಸಬರಾಗಿದ್ದಾಗ ಲೆನನ್ ಮತ್ತು ಮೆಕಾರ್ಟ್ನಿ ಅವರಿಗೆ ಒಂದು ಹಾಡು ಬರೆದುಕೊಟ್ಟಿದ್ದರು. ಅರವತ್ತು ವರ್ಷ ಕಳೆದು ಅದೇ ಮನುಷ್ಯ ಮತ್ತೆ ಬಂದಿದ್ದಾರೆ. ನಡುವೆ ಜ್ಯಾಗರ್ ಅವರು ಪಾಲ್ ಹೆಸರು ಹಿಡಿದು ಕೂಗಿ ಕರೆದಾಗ ಬೇಸ್ ಗುರ್ರ್ ಎಂದು ಹರಿದುಬರುತ್ತದೆ. ಹಾಡು ಸಾಧಾರಣ. ಆ ಹತ್ತು ಸೆಕೆಂಡಿನ ಗೆಳೆತನ ಸಾಧಾರಣವಲ್ಲ. ಆರನೆಯ ಹಾಡು 'ಡ್ರೀಮಿ ಸ್ಕೈಸ್' ನಿಧಾನ ಗತಿಯದು. ದೂರದ ಒಂಟಿ ಜಾಗ, ಹಳೆಯ ರೇಡಿಯೊ, ಹೊರಗೆ ಆಕಾಶ. ಅದನ್ನು ನೀವು ಮನೆಯಲ್ಲಿ ಸಂಜೆ ಕೇಳಿ.

ಹನ್ನೊಂದನೆಯದು 'ಸ್ವೀಟ್ ಸೌಂಡ್ಸ್ ಆಫ್ ಹೆವನ್', ಏಳು ನಿಮಿಷಕ್ಕೂ ಮೀರಿದ್ದು. ಕಪ್ಪು ಜನರ ಚರ್ಚುಗಳ ಗಾಸ್ಪೆಲ್ ಸಂಗೀತದ ದಾರಿ ಹಿಡಿದದ್ದು. ಪಿಯಾನೊ ಮುಂದೆ ಸ್ಟೀವಿ ವಂಡರ್ ಇದ್ದಾರೆ. 1972ರ ಅಮೆರಿಕ ಪ್ರವಾಸದಲ್ಲಿ ಸ್ಟೋನ್ಸ್ ಕಛೇರಿಗಳಿಗೆ ಮೊದಲು ನುಡಿಸಿದ ಹುಡುಗ ಇವರೇ. ಜೊತೆಗೆ ಹಾಡಿದವರು ಲೇಡಿ ಗಾಗಾ. ಜ್ಯಾಗರ್ ಅವರಿಗಿಂತ ನಾಲ್ಕು ದಶಕ ಚಿಕ್ಕವರು. ಹಾಡು ಮುಗಿಯಿತು ಎನ್ನುವ ಹಂತಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಯಾರೋ ಇನ್ನೂ ಎದ್ದಿಲ್ಲ. ಪಿಯಾನೊ ಮತ್ತೆ ಒಂದೆರಡು ಸ್ವರ ತಡವುತ್ತದೆ, ದನಿ ಗುನುಗುತ್ತದೆ, ಮತ್ತೆ ಏರುತ್ತದೆ. ಕಛೇರಿಯ ಕೊನೆಯ ಭೈರವಿ ಮುಗಿದ ಮೇಲೂ ಗಾಯಕ ತಂಬೂರಿ ಕೆಳಗಿಡದೆ ಇನ್ನೊಂದು ಆಲಾಪದ ಎಳೆ ತೆಗೆದಾಗ ಶ್ರೋತೃಗಳು ಚೀಲ ಕೆಳಗಿಟ್ಟು ಮತ್ತೆ ಕೂರುತ್ತಾರಲ್ಲ, ಹಾಗೆ. ಗಾಗಾ ಅವರ ದನಿ ಜ್ಯಾಗರ್ ದನಿಯನ್ನು ಮೇಲೆ ಮೇಲೆ ಎಳೆಯುತ್ತದೆ. ಅವರು ಹೋಗುತ್ತಾರೆ. ಎಲ್ಲಿ ತಲುಪಲಾಗುವುದಿಲ್ಲವೋ ಅಲ್ಲಿ ದನಿ ಸೀಳುತ್ತದೆ. ಆ ಸೀಳನ್ನು ಒಳಗೇ ಬಿಟ್ಟಿದ್ದಾರೆ. ಹೊಳೆಯುವ ಗಾಜು ಎಂದೆನಲ್ಲ, ನನಗೆ ಅದು ಇಲ್ಲಿ ಕಂಡಿತು.

ಕೊನೆಯ ಹಾಡಿಗೆ ಬರುವ ಮುನ್ನ 1961ಕ್ಕೆ ಹೋಗಬೇಕು. ಲಂಡನ್ ಹತ್ತಿರದ ಡಾರ್ಟ್‌ಫರ್ಡ್ ರೈಲು ನಿಲ್ದಾಣ, ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ. ಚಿಕ್ಕಂದಿನಲ್ಲಿ ಒಂದೇ ಶಾಲೆಯಲ್ಲಿ ಓದಿದ್ದ ಇಬ್ಬರು ಹುಡುಗರು ಎದುರಾದರು. ಕೀತ್ ಕೈಯಲ್ಲಿ ಗಿಟಾರ್, ಮಿಕ್ ಕಂಕುಳಲ್ಲಿ ಅಮೆರಿಕದಿಂದ ತರಿಸಿದ ಧ್ವನಿಮುದ್ರಿಕೆಗಳು. ಅವುಗಳಲ್ಲೊಂದು ಮಡ್ಡಿ ವಾಟರ್ಸ್ ಅವರದು. ಮಿಸಿಸಿಪಿಯ ಹತ್ತಿ ಹೊಲಗಳಲ್ಲಿ ದುಡಿದ ಮಡ್ಡಿ ವಾಟರ್ಸ್ 1943ರಲ್ಲಿ ಷಿಕಾಗೊ ನಗರಕ್ಕೆ ಬಂದು, ಊರಿನ ಬ್ಲೂಸ್ ಸಂಗೀತವನ್ನು ವಿದ್ಯುತ್ ಗಿಟಾರಿಗೆ ತಂದವರು. 1950ರಲ್ಲಿ ಚೆಸ್ ಎಂಬ ಸಣ್ಣ ಕಂಪನಿಗಾಗಿ ಅವರು 'ರೋಲಿನ್ ಸ್ಟೋನ್' ಎಂಬ ಹಾಡು ಮುದ್ರಿಸಿದರು. ಒಂದು ದನಿ, ಒಂದು ಗಿಟಾರ್. ಹಾಡಿನುದ್ದಕ್ಕೂ ಮೇಳ ಬದಲಾಗುವುದೇ ಇಲ್ಲ, ಒಂದೇ ಆಧಾರ ಸ್ವರದ ಸುತ್ತ ಸುಳಿಯುತ್ತದೆ. ಹೊಟ್ಟೆಯಲ್ಲಿರುವ ಮಗು ಗಂಡು, ನಿಂತಲ್ಲಿ ನಿಲ್ಲದ ಉರುಳುಗಲ್ಲು ಆಗುತ್ತಾನೆ ಎಂದು ತಾಯಿ ತಂದೆಗೆ ಹೇಳುವ ಮಾತು ಅದರಲ್ಲಿದೆ. 1962ರಲ್ಲಿ ಜಾಹೀರಾತಿಗಾಗಿ ಪತ್ರಿಕೆಯೊಂದಕ್ಕೆ ಫೋನ್ ಮಾಡಿದಾಗ ತಂಡದ ಹೆಸರೇನು ಎಂದು ಕೇಳಿದರು, ಎದುರಿಗೆ ಬಿದ್ದಿದ್ದ ಮಡ್ಡಿ ವಾಟರ್ಸ್ ಧ್ವನಿಮುದ್ರಿಕೆಯ ಮೇಲಿನ ಈ ಹಾಡನ್ನು ನೋಡಿ ಬ್ರಯನ್ ಜೋನ್ಸ್ ಹೆಸರು ಹೇಳಿಬಿಟ್ಟರು ಎಂದು ಕೀತ್ ನೆನೆಯುತ್ತಾರೆ. ತಂಡ ಕಟ್ಟಿದ ಆ ಬ್ರಯನ್ ಜೋನ್ಸ್ 1969ರಲ್ಲೇ, 27ನೆಯ ವಯಸ್ಸಿನಲ್ಲಿ ಹೋದರು.

ಕಪ್ಪು ಜನರ ಸಂಗೀತದಿಂದ ಬಿಳಿಯ ಹುಡುಗರು ಅಪಾರ ಹಣ ಮಾಡಿದರು ಎಂಬ ಮಾತು ನಿಜ. ಅದನ್ನು ಮರೆಸಬಾರದು. ಸ್ಟೋನ್ಸ್ ಆ ಋಣವನ್ನು ಬಚ್ಚಿಡಲಿಲ್ಲ ಎಂಬುದೂ ನಿಜ. 1964ರಲ್ಲಿ ಮೊದಲ ಸಲ ಅಮೆರಿಕಕ್ಕೆ ಹೋದಾಗ ಷಿಕಾಗೊದ ಆ ಚೆಸ್ ಸ್ಟುಡಿಯೊ ಹುಡುಕಿಕೊಂಡು ಹೋಗಿ ಅಲ್ಲಿ ಮುದ್ರಿಸಿದರು. 1965ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದು ಕರೆದಾಗ, ಬ್ಲೂಸ್ ಗಾಯಕ ಹೌಲಿನ್ ವುಲ್ಫ್ ಅವರನ್ನೂ ಕರೆಯಬೇಕೆಂದು ಪಟ್ಟು ಹಿಡಿದರು. 1981ರಲ್ಲಿ ಷಿಕಾಗೊದ ಒಂದು ಸಣ್ಣ ಕ್ಲಬ್ಬಿನಲ್ಲಿ ಮಡ್ಡಿ ವಾಟರ್ಸ್ ಜೊತೆ ಕುಳಿತು ನುಡಿಸಿದರು. ಎರಡು ವರ್ಷದೊಳಗೆ ಮಡ್ಡಿ ತೀರಿಕೊಂಡರು. ಇಷ್ಟೆಲ್ಲ ಆದರೂ, ತಮಗೆ ಹೆಸರು ಕೊಟ್ಟ ಆ ಒಂದು ಹಾಡನ್ನು ಮಾತ್ರ ಅವರು ಎಂದೂ ಮುದ್ರಿಸಿ ಹೊರತಂದಿರಲಿಲ್ಲ.

'ಹ್ಯಾಕ್ನಿ ಡೈಮಂಡ್ಸ್' ಆಲ್ಬಮ್ಮಿನ ಹನ್ನೆರಡನೆಯ ಹಾಡು ಅದೇ. ಡ್ರಮ್ಸ್ ಇಲ್ಲ. ಬೇಸ್ ಇಲ್ಲ. ಅತಿಥಿಗಳೆಲ್ಲ ಎದ್ದುಹೋಗಿದ್ದಾರೆ. ಕೀತ್ ಗಿಟಾರ್, ಮಿಕ್ ದನಿ ಮತ್ತು ಮೌತ್ ಆರ್ಗನ್. ಡಾರ್ಟ್‌ಫರ್ಡ್ ನಿಲ್ದಾಣದಲ್ಲಿ ನಿಂತಿದ್ದ ಇಬ್ಬರೇ. ಸಂಧಿವಾತದ ಬೆರಳು ತಂತಿ ಎಳೆಯುವಾಗ ಆಗುವ ಕಿರುಗುಡುವ ಸದ್ದು ಕೂಡ ಕೇಳಿಸುತ್ತದೆ. ಒಂದು ಕಡೆ ಮೌತ್ ಆರ್ಗನ್ನಿನ ಉಸಿರು ಗಿಟಾರಿಗೆ ಕಾಯುತ್ತದೆ, ಅದನ್ನು ಗಮನಿಸಿ.

ನನ್ನ ಮಾತು ಸಾಕು. ಮೊದಲು 1950ರ ಧ್ವನಿಮುದ್ರಣ ಹಾಕುತ್ತೇನೆ, ಆಮೇಲೆ 2023ರದ್ದು. ನಡುವೆ ನಾನು ಏನೂ ಹೇಳುವುದಿಲ್ಲ. ಬಾಗಿಲ ಹತ್ತಿರ ಇರುವವರು ದೀಪ ಆರಿಸಿ, ಫ್ಯಾನನ್ನೂ ಆರಿಸಿ. ಅದರ ಸದ್ದು ಹೆಚ್ಚಾಗುತ್ತದೆ.